ಹುಳುಮುಕ್ತ ಸಾಗರ

ನಮ್ಮ ಕಡಲಿನ ಮೀನುಗಳ ಮೈಯಲ್ಲಿ ಲಾಡಿಹುಳು ಇಲ್ಲ, ಇಟ್ಟುಕೊಳ್ಳುವ ಅಧಿಕಾರವೂ ಅವಕ್ಕಿಲ್ಲ ಎಂದು ಮೀನುಗಾರಿಕೆ ಇಲಾಖೆ ಅಧಿಕೃತವಾಗಿ ಪ್ರಕಟಿಸಿತು. ಅಲ್ಲಿಯವರೆಗೆ ಜನರಿಗೆ ಹುಳುವಿನ ವಿಚಾರವೇ ಗೊತ್ತಿರಲಿಲ್ಲ. ಪ್ರಕಟಣೆ ಓದಿದವರು ಮೀನು ಕೊಳ್ಳುವುದನ್ನು ಬಿಟ್ಟರು. ಮಾರುಕಟ್ಟೆಯಲ್ಲಿ ಬೆಕ್ಕುಗಳು ಕೊಬ್ಬಿದವು.

ಜನರ ಭಯ ಹೋಗಲಾಡಿಸಲು ಇಲಾಖೆಯ ನಿರ್ದೇಶಕರು ಬಂದರಿನಲ್ಲಿ, ಕ್ಯಾಮೆರಾಗಳ ಮುಂದೆ, ಹಸಿ ಮೀನು ತಿನ್ನುವುದೆಂದು ತೀರ್ಮಾನವಾಯಿತು. ಬೇಯಿಸಿ ತಿಂದರೆ ಇಲಾಖೆಗೇ ಅನುಮಾನವಿದೆ ಎಂದಾಗುತ್ತದಲ್ಲ.

ಇಲಾಖೆಯ ಪ್ರಯೋಗಾಲಯದಲ್ಲಿದ್ದ ಕ್ರಿಮಿತಜ್ಞೆ ಮಾತ್ರ ಓಡೋಡಿ ಬಂದರು.

“ಬೇಡಿ ಸರ್. ಹುಳುವಿನ ಮೊಟ್ಟೆ ನೀರಿಗೆ ಬೀಳುತ್ತೆ. ಅದರಿಂದ ಹೊರಬಂದ ಮರೀನ ಸಾಸಿವೆಗಿಂತ ಸಣ್ಣ ಸೀಗಡಿಯಂಥ ಜೀವಿ ತಿನ್ನುತ್ತೆ. ಅದನ್ನ ಸಣ್ಣ ಮೀನು, ಸಣ್ಣ ಮೀನನ್ನ ದೊಡ್ಡ ಮೀನು. ಆ ದೊಡ್ಡ ಮೀನನ್ನ ಹಸಿಯಾಗಿ ತಿಂದೋರ ಕರುಳಲ್ಲಿ ಅದು ಉದ್ದಕ್ಕೆ ಬೆಳೆದು ಸಂಸಾರ ಹೂಡುತ್ತೆ.”

ನಿರ್ದೇಶಕರು ಗಂಭೀರವಾಗಿ ಯೋಚಿಸಿದರು. “ಅಂದ್ರೆ ಒಂದೊಂದೇ ಹಂತ ದಾಟಿ, ಕೆಳಗಿಂದ ಮೇಲಕ್ಕೆ ಬರುತ್ತೆ?”

“ಹೌದು ಸರ್.”

“ಕ್ರಮಪ್ರಕಾರ ಬಂದಿದ್ದನ್ನ ನಾನು ಹೇಗಮ್ಮಾ ವಾಪಸ್ ಕಳಿಸ್ಲಿ?”

ತಿಂದರು. ಚಪ್ಪಾಳೆ ಬಿತ್ತು.

ಕೆಲವು ವಾರಗಳಲ್ಲಿ ನಿರ್ದೇಶಕರು ಇಬ್ಬರ ಊಟ ಉಂಡೂ ಅರ್ಧ ಆಳಾದರು. ಪರೀಕ್ಷಿಸಿದ ಕ್ರಿಮಿತಜ್ಞೆ, “ಬಂದು ಕೂತಿದೆ ಸರ್. ಒಂದು ಮಾತ್ರೆ ಸಾಕು, ಹೋಗುತ್ತೆ” ಎಂದರು.

ಆದರೆ ಇಲ್ಲದ ಹುಳುವಿಗೆ ಮಾತ್ರೆ ನುಂಗುವುದು ಹೇಗೆ? ತುರ್ತು ಸಭೆ ಸೇರಿತು. ಕಾನೂನು ಸಲಹೆಗಾರರು ಎದ್ದು ನಿಂತು, ಹುಳು ಈಗ ಮೀನಿನಲ್ಲಿಲ್ಲ, ನಿರ್ದೇಶಕರಲ್ಲಿದೆ, ಆದ್ದರಿಂದ ಪ್ರಕಟಣೆ ಅಕ್ಷರಶಃ ನಿಜವಾಗಿದೆ ಎಂದು ತೋರಿಸಿಕೊಟ್ಟರು. ಎಲ್ಲರ ಕಣ್ಣೂ ತೆರೆಯಿತು. ಒಬ್ಬ ಅಧಿಕಾರಿ ಒಂದು ಹುಳುವನ್ನು ಕಡಲಿನಿಂದ ತೆಗೆದರೆ, ಇಡೀ ಇಲಾಖೆ ಕೈಜೋಡಿಸಿದರೆ ಎಷ್ಟಾದೀತು!

ಹೀಗೆ ‘ಹುಳುಮುಕ್ತ ಸಾಗರ’ ಅಭಿಯಾನ ಶುರುವಾಯಿತು. ಹುಳು ಇಲ್ಲದವರಿಗೆ ಬಡ್ತಿ ಇಲ್ಲ. ಹುಳುವಿನ ಉದ್ದವೇ ಸೇವಾ ಹಿರಿತನ. ಮಾತ್ರೆ ನುಂಗುವುದು ಕರ್ತವ್ಯಲೋಪ. ಗುಮಾಸ್ತರು ಬುತ್ತಿಯಲ್ಲಿ ಹಸಿ ಮೀನು ತಂದರು. ಹೊಟ್ಟೆ ಗುಡುಗುಡು ಎಂದವರಿಗೆ ಪಕ್ಕದ ಮೇಜಿನವರು ಎದ್ದು ಕೈಕುಲುಕಿದರು. ಉಪನಿರ್ದೇಶಕರಂತೂ ಬೆಳಿಗ್ಗೆ ಹಲ್ಲುಜ್ಜುವ ಮುಂಚೆಯೇ ಒಂದು ತುಂಡು ಬಾಯಿಗೆ ಹಾಕಿಕೊಳ್ಳುತ್ತಿದ್ದರು.

ಒಪ್ಪದವರು ನಿರ್ದೇಶಕರ ಹೆಂಡತಿ ಒಬ್ಬರೇ.

“ರೀ, ನಾನು ಕೈ ಹಿಡಿದಿದ್ದು ನಿಮ್ಮನ್ನ. ಒಳಗಿರೋರಿಗೂ ಬೇಯಿಸಿ ಹಾಕೋಕೆ ನನ್ನ ಕೈಲಾಗಲ್ಲ.”

“ನನ್ನ ಕೆಲಸದ ಪ್ರಶ್ನೆ ಕಣೇ.”

“ಕನ್ನಡಿ ನೋಡ್ಕೊಳ್ಳಿ. ಅಂಗಿಯೊಳಗೆ ನೀವಿದ್ದೀರೋ, ಬರೀ ಹ್ಯಾಂಗರ್ ಇದೆಯೋ ಗೊತ್ತಾಗ್ತಿಲ್ಲ!”

ಆಕೆ ಕ್ರಿಮಿತಜ್ಞೆಯ ಹತ್ತಿರ ಹೋಗಿ ಮಾತ್ರೆ ತಂದರು. ಪುಡಿ ಮಾಡಿ ಸಾರಿನಲ್ಲಿ ಕಲಸಿ ಬಡಿಸಿದರು. ಊಟದ ದಾರಿಯಲ್ಲಿ ಬಂದದ್ದು ಊಟದ ದಾರಿಯಲ್ಲೇ ಹೊರಟುಹೋಯಿತು. ನಿರ್ದೇಶಕರ ಕೆನ್ನೆ ತುಂಬಿತು, ಸ್ನಾನದ ಮನೆಯಲ್ಲಿ ಹಾಡು ಕೇಳಿಬಂತು. ಗಂಡನ ಹಾಡು ಕೇಳಿ ಹೆಂಡತಿಗೆ ಹಾಲು ಕುಡಿದಷ್ಟು ಸಂತೋಷ.

ಕಚೇರಿಯಲ್ಲಿ ಆ ಕೆನ್ನೆಯನ್ನು ಎಲ್ಲರೂ ನೋಡಿದರು. ಹುಳುರಹಿತ ವ್ಯಕ್ತಿ ನಿರ್ದೇಶಕ ಹುದ್ದೆಗೆ ಅರ್ಹರಲ್ಲವಾದ್ದರಿಂದ, ಅದನ್ನು ಉಪನಿರ್ದೇಶಕರಿಗೆ ವಹಿಸಿ, ಇಲಾಖೆಯ ಮನೆಯನ್ನು ತೆರವು ಮಾಡುವಂತೆ ಆದೇಶ ಬಂತು.

“ಹೋದ್ರೆ ಹೋಗ್ಲಿ ಬಿಡಿ. ನೀವು ಗಟ್ಟಿಯಾಗಿದ್ರೆ ಸಾಕು” ಎಂದರು ಹೆಂಡತಿ, ಧೈರ್ಯವಾಗಿ.

ಮಧ್ಯಾಹ್ನ ಉಪನಿರ್ದೇಶಕರ ಹೆಂಡತಿ ಟೇಪು ಹಿಡಿದು ಬಂದರು. ಕಿಟಕಿಗಳ ಅಳತೆ ತೆಗೆದರು. ಅಡುಗೆಮನೆಗೆ ಇಣುಕಿ, “ಈ ಬಣ್ಣ ಯಾರು ಆರಿಸಿದ್ದು ಅಕ್ಕ? ಬೇಜಾರಾಗಬೇಡಿ, ಬದಲಾಯಿಸ್ತೀವಿ” ಎಂದು ನಕ್ಕು ಹೋದರು.

ನಿರ್ದೇಶಕರ ಹೆಂಡತಿ ಚೀಲ ಹಿಡಿದು ಮಾರುಕಟ್ಟೆಗೆ ಹೋದರು. ಇದ್ದುದರಲ್ಲೇ ದೊಡ್ಡ ಮೀನು ಆರಿಸಿ ತಂದು, ತೊಳೆದು, ತೆಳ್ಳಗೆ ಹೆಚ್ಚಿ, ಹಸಿಯಾಗಿಯೇ ಗಂಡನ ತಟ್ಟೆಗೆ ಬಡಿಸಿ ಎದುರಿಗೆ ಕೂತರು.

ನಿರ್ದೇಶಕರು ಮೊದಲ ತುಂಡು ಬಾಯಿಗಿಟ್ಟರು.

“ಅಗೀಬೇಡಿ ರೀ, ಹಾಗೇ ನುಂಗಿ,” ಎಂದರು ಆಕೆ. “ಪಾಪ, ಅದಕ್ಕೆ ಏಟಾದೀತು.”