ಕೆನೆಪುರದ ಹೆಪ್ಪಿನ ಬ್ಯಾಂಕು

ಬಹಳ ಹಿಂದೆ, ಅಂದರೆ ಈ ಪತ್ರಿಕೆ ಓದುವ ಯಾರಿಗೂ ತಮ್ಮ ಊರಿನ ನೆನಪಾಗದಷ್ಟು ಹಿಂದೆ, ಕೆನೆಪುರವೆಂಬ ರಾಜ್ಯವೊಂದಿತ್ತು. ಅಲ್ಲಿ ಯಾರ ಮನೆಯ ಹೆಪ್ಪಾದರೂ ಕೆಟ್ಟರೆ ಪಕ್ಕದ ಮನೆಯವರು ತಮ್ಮ ಬಟ್ಟಲಲ್ಲಿ ಒಂದು ಚಮಚ ಮೊಸರು ಕೊಡುತ್ತಿದ್ದರು. ಬಟ್ಟಲನ್ನು ಬರಿದಾಗಿ ಹಿಂದಿರುಗಿಸಬಾರದೆಂದು ಅದರಲ್ಲೊಂದು ಚೂರು ಬೆಲ್ಲ ಹಾಕಿ ಮರಳಿಸುವುದು ರೂಢಿ. ರಾಜ್ಯದ ಅರ್ಥಶಾಸ್ತ್ರವೆಲ್ಲ ಇಷ್ಟರಲ್ಲೇ ಮುಗಿಯುತ್ತಿದ್ದುದರಿಂದ ಅರ್ಥಸಚಿವ ಲಾಭಾನಂದರಿಗೆ, ಪಾಪ, ಕೆಲಸವೇ ಇರಲಿಲ್ಲ.

ಒಂದು ದಿನ ಶ್ರೀಮನ್ಮಹಾರಾಜ ಗಡಿಗೇಂದ್ರ ಭೂಪತಿಗಳು ಪಲ್ಲಕ್ಕಿಯಲ್ಲಿ ಹೋಗುತ್ತಿದ್ದಾಗ, ಪುಟ್ಟಚನ್ನಮ್ಮ ಎಂಬಾಕೆ ನೆರೆಮನೆಯವಳಿಂದ ತನ್ನ ಬಟ್ಟಲು ವಾಪಸು ಪಡೆಯುವುದು ಕಣ್ಣಿಗೆ ಬಿತ್ತು.

"ಲಾಭಾನಂದರೇ, ಆ ಬಟ್ಟಲಲ್ಲಿರುವುದೇನು?"

"ಪಾಮರರ ಕಣ್ಣಿಗೆ ಬೆಲ್ಲ, ಮಹಾಪ್ರಭೂ. ತಮ್ಮ ದಿವ್ಯದೃಷ್ಟಿಗೆ ಬಡ್ಡಿ."

"ಬಡ್ಡಿಯೇ! ನಮ್ಮನ್ನು ಕೇಳದೆ?"

"ರಸೀದಿಯಿಲ್ಲ, ತೆರಿಗೆಯಿಲ್ಲ. ಒಂದು ಓಟಿಪಿಯಾದರೂ ಬೇಡವೇ?"

ಪ್ರಭುಗಳ ಕಣ್ಣಲ್ಲಿ ನೀರಾಡಿತು. ಸಂಜೆಯೊಳಗೆ ಡಂಗುರ ಹೊಡೆಸಲಾಯಿತು. ಇನ್ನು ಮುಂದೆ ನೆರೆಹೊರೆಯವರು ಹೆಪ್ಪು ಕೊಟ್ಟರೆ ಅದು ರಾಜದ್ರೋಹ. ಮನೆಮನೆಯ ಹೆಪ್ಪೆಲ್ಲ ಅರಮನೆ ಹೆಪ್ಪು ಬ್ಯಾಂಕಿನಲ್ಲಿ ಠೇವಣಿಯಾಗಬೇಕು. ಬಟ್ಟಲು ಹೆಪ್ಪು ಇಟ್ಟವರಿಗೆ ವರ್ಷಕ್ಕೆ ಒಂದು ಅಚ್ಚು ಬೆಲ್ಲ ಸಿಗುತ್ತದೆ. ಬಟ್ಟಲು ಹೆಪ್ಪು ಸಾಲ ಪಡೆದವರು ನಾಲ್ಕು ಅಚ್ಚು ಕಟ್ಟಬೇಕು.

"ನಡುವಿನ ಮೂರಚ್ಚು?" ಎಂದು ಪ್ರಭುಗಳು ಕೇಳಿದರು.

"ಅದೇ ಲಾಭ, ಮಹಾಪ್ರಭೂ."

"ಹೆಪ್ಪು ಅವರದು, ಹಾಲು ಅವರದು, ಬೆಲ್ಲವೂ ಅವರದೇ. ಹಾಗಾದರೆ ನಮ್ಮದೇನು?"

"ಕೌಂಟರು!"

ಆಸ್ಥಾನವೆಲ್ಲ ಚಪ್ಪಾಳೆ ತಟ್ಟಿತು.

ಪುಟ್ಟಚನ್ನಮ್ಮನ ಮನೆಯ ಹೆಪ್ಪು ಆಕೆಯ ಅತ್ತೆಯ ಅತ್ತೆಯ ಕಾಲದಿಂದ ಒಂದು ದಿನವೂ ತಪ್ಪದೆ ಬಂದದ್ದು. ಅತ್ತೆ ಸಾಯುವಾಗ ಒಡವೆ ಎಲ್ಲಿದೆ ಎಂದು ಹೇಳಲಿಲ್ಲ, "ಹೆಪ್ಪು ಕೆಡಿಸ್ಬೇಡ ಕಣೇ" ಎಂದು ಹೇಳಿ ಕಣ್ಣು ಮುಚ್ಚಿದ್ದಳು. ಆ ಗಡಿಗೆಯನ್ನು ರಾಜಭಟರೇ ಬಂದು ಹೊತ್ತುಕೊಂಡು ಹೋದರು. ಕೈಗೊಂದು ಪಾಸ್‌ಬುಕ್ಕು ಬಂತು. ಅದರ ಮೊದಲ ಪುಟದಲ್ಲೇ ಹುಳಿ ಪರೀಕ್ಷೆಯ ಶುಲ್ಕವನ್ನೂ ಪಾಸ್‌ಬುಕ್ಕು ಕೊಟ್ಟಿದ್ದರ ಶುಲ್ಕವನ್ನೂ ಕಳೆದಿದ್ದರು. ಇವೆರಡನ್ನು ಕಳೆದದ್ದರಿಂದ ಕನಿಷ್ಠ ಶಿಲ್ಕು ಕಡಿಮೆಯಾಯಿತೆಂದು ದಂಡ ಬೇರೆ. ಬರೆಯುವ ನನಗೇ ಹೊಟ್ಟೆ ಉರಿಯುತ್ತದೆ, ಆಕೆಗೆ ಹೇಗಾಗಿರಬೇಡ!

ಸಾಲ ಕೇಳುವವರು ಹೆಚ್ಚಿದರು. ಎಲ್ಲರ ಮನೆಯಲ್ಲೂ ಹಾಲಿತ್ತು, ಯಾರ ಮನೆಯಲ್ಲೂ ಹೆಪ್ಪಿರಲಿಲ್ಲ. ಆಗ ಲಾಭಾನಂದರು ಮಹತ್ತರವಾದದ್ದೊಂದನ್ನು ಕಂಡುಹಿಡಿದರು. ಠೇವಣಿದಾರರೆಲ್ಲ ಒಂದೇ ದಿನ ಬಂದು ಕೇಳುವುದಿಲ್ಲ, ಆದ್ದರಿಂದ ಒಂದು ಬಟ್ಟಲನ್ನು ಹತ್ತು ಜನಕ್ಕೆ ಸಾಲ ಕೊಡಬಹುದು.

"ನೀರು ಬೆರೆಸಿ?" ಎಂದರು ಪ್ರಭುಗಳು.

"ಛೇ, ನೀರು ಅನ್ನಬಾರದು. ಬ್ಯಾಂಕಿಂಗಿನಲ್ಲಿ ಅದಕ್ಕೆ ಲಿಕ್ವಿಡಿಟಿ ಎಂದು ಹೆಸರು."

ತಳದಲ್ಲಿ ಉಳಿದ ಗಟ್ಟಿ ಮೊಸರನ್ನು, ನೂರು ಹಂಡೆ, ಪ್ರಭುಗಳ ಭಾವಮೈದುನ ನವನೀತರಾಯರಿಗೆ ಬೆಣ್ಣೆ ಕಾರ್ಖಾನೆಗೆಂದು ಸಾಲ ಕೊಡಲಾಯಿತು. ದೊಡ್ಡವರ ಹುಳಿಯನ್ನು ಪರೀಕ್ಷಿಸುವುದು ಮರ್ಯಾದೆಯಲ್ಲವೆಂದು ಯಾರೂ ಪರೀಕ್ಷಿಸಲಿಲ್ಲ. ರಾಯರು ಕಡೆದರು, ಬೆಣ್ಣೆ ತೆಗೆದರು, ಒಂದಿಷ್ಟು ಹೆಪ್ಪನ್ನು ಜೊತೆಗಿಟ್ಟುಕೊಂಡು ಹವಾ ಬದಲಾವಣೆಗೆಂದು ನೆರೆರಾಜ್ಯಕ್ಕೆ ಹೊರಟುಹೋದರು. ಬ್ಯಾಂಕು ಅವರ ಹೆಸರಿನ ಮೇಲೆ ಗೌರವಪೂರ್ವಕವಾಗಿ ಒಂದು ಗೆರೆ ಎಳೆಯಿತು.

ಇತ್ತ ಪುಟ್ಟಚನ್ನಮ್ಮನ ಮಗಳು ರತ್ನಮಾಲೆಯ ನಿಶ್ಚಿತಾರ್ಥ ಗೊತ್ತಾಯಿತು. ಹುಡುಗ ಚಿನ್ನದಂಥವನು, ತೊಂದರೆಯೆಲ್ಲ ಅವನ ಅಪ್ಪ ಹುಚ್ಚೀರಪ್ಪನದು. ಊಟದ ಕೊನೆಗೆ ಮೊಸರನ್ನ ಬಾರದಿದ್ದರೆ ಎಲೆಯಿಂದ ಎದ್ದುಬಿಡುವ ಆಸಾಮಿ. ಹಾಗೆ ಎದ್ದು ಈಗಾಗಲೇ ಎರಡು ಸಂಬಂಧ ಮುರಿದಿದ್ದ. ಹಿಂದಿನ ದಿನ ಪುಟ್ಟಚನ್ನಮ್ಮ ಪಾಸ್‌ಬುಕ್ಕು ಹಿಡಿದು ಬ್ಯಾಂಕಿಗೆ ಓಡಿದಳು.

"ನಮ್ ಹೆಪ್ಪು ಕೊಡಪ್ಪ, ನಾಳೆ ಬೀಗರು ಬರ್ತಾವ್ರೆ."

ಗುಮಾಸ್ತ ಪುಟ ತಿರುವಿದ. "ನಿಮ್ ಹೆಪ್ಪು ಇಲ್ಲಿಲ್ಲ ಕಣಮ್ಮ. ಅದು ದೇಶ ಕಟ್ಟೋಕೆ ಹೋಗ್ಯದೆ."

"ದೇಶ ಆಮೇಲೆ ಕಟ್ಟಲಿ, ನನ್ ಮಗಳ ಮದ್ವೆ ಕೆಟ್ಟೋಯ್ತದಲ್ಲೋ!"

"ಬೇಕಾದ್ರೆ ಸಾಲ ತಗೊಳ್ಳಿ. ನಾಲ್ಕಚ್ಚು."

"ನಂದೇ ಹೆಪ್ಪು ನಂಗೇ ಸಾಲಾನಾ? ನಿಮ್ ಬಾಯಿಗೆ ಮಣ್ಣು ಹಾಕ!" ಎಂದು ಬೈದಳು. ಬೈದು ಹೆಬ್ಬೆಟ್ಟು ಒತ್ತಿದಳು. ಇನ್ನೇನು ಮಾಡಿಯಾಳು?

ಬ್ಯಾಂಕಿನ ಬಟ್ಟಲಲ್ಲಿ ಕೊಟ್ಟದ್ದನ್ನು ತಂದು ಇಪ್ಪತ್ತು ಸೇರು ಹಾಲಿಗೆ ಬೆರೆಸಿದಳು. ಬೆಳಗ್ಗೆ ನೋಡಿದರೆ ಹಾಲು ಹಾಲಾಗಿಯೇ ಇತ್ತು. ಮಧ್ಯಾಹ್ನದ ಹೊತ್ತಿಗೆ ನಾರತೊಡಗಿತು. ಎಲೆ ಹಾಕಿ ಬಡಿಸಿದ್ದಾಯಿತು. ಹುಚ್ಚೀರಪ್ಪ ಸಾರನ್ನ ಮುಗಿಸಿ ಕೈ ತಡೆದು ಕೂತ.

"ಮೊಸರಮ್ಮಾ?"

ಪುಟ್ಟಚನ್ನಮ್ಮ ಸೆರಗು ಬಾಯಿಗೊತ್ತಿಕೊಂಡು ಅತ್ತಳು. ಕಂಬದ ಹಿಂದೆ ರತ್ನಮಾಲೆಯ ಮುಖ ಬಿಳಿಚಿಕೊಂಡಿತು. ಅವನು ಎದ್ದೇಬಿಟ್ಟ, ಮತ್ತೆ ಏನೋ ಯೋಚಿಸಿ ಕೂತ.

"ಎದ್ದು ಎಲ್ಲಿಗೋಗ್ಲಿ? ನಮ್ಮನೇಲೂ ಮೂರು ತಿಂಗಳಿಂದ ಇಲ್ಲ. ಇಲ್ಲಾದ್ರೂ ಸಿಕ್ತದೆ ಅಂತ ಆಸೆಯಿಂದ ಬಂದಿದ್ದೆ," ಎಂದ. ಅವನ ಕಣ್ಣಲ್ಲೂ ನೀರಿತ್ತು. "ಹುಡುಗಿ ನಮ್ಗೆ ಒಪ್ಪಿಗೆ. ಆದ್ರೆ ಮದುವೆ ಮಾತ್ರ ಮೊಸರಾದ್ಮೇಲೆ."

ವರ್ಷಾಂತ್ಯಕ್ಕೆ ಬ್ಯಾಂಕು ಮೂವತ್ತು ಸಾವಿರ ಅಚ್ಚು ಬೆಲ್ಲದ ದಾಖಲೆ ಲಾಭ ಘೋಷಿಸಿತು. ಪ್ರಭುಗಳಿಗೆ 'ದಧಿಚಕ್ರವರ್ತಿ' ಎಂಬ ಬಿರುದೂ ಲಾಭಾನಂದರಿಗೆ ಬೆಲ್ಲದಿಂದ ಮಾಡಿದ ಕಿರೀಟವೂ ಸಂದವು. ಔತಣದಲ್ಲಿ ಪ್ರಭುಗಳು ಮೊಸರನ್ನ ಕೇಳಿದಾಗಲೇ ರಾಜ್ಯದಲ್ಲಿ ಒಂದು ಚಮಚ ಹೆಪ್ಪೂ ಉಳಿದಿಲ್ಲವೆಂದು ತಿಳಿದದ್ದು. ಕೂಡಲೇ ಮನೆಗೆ ಎರಡಚ್ಚಿನಂತೆ ಹೆಪ್ಪು ಪುನಶ್ಚೇತನ ಸೆಸ್ ಹಾಕಿ, ನೆರೆರಾಜ್ಯದ ಪ್ರಖ್ಯಾತ ಹೆಪ್ಪು ವ್ಯಾಪಾರಿಯಿಂದ ಒಂದು ಹಂಡೆ ತರಿಸಲಾಯಿತು. ವ್ಯಾಪಾರಿಯ ಹೆಸರು ನವನೀತರಾಯ. ಹಂಡೆ ನೇರವಾಗಿ ಅರಮನೆಯ ಅಡುಗೆಮನೆಗೆ ಹೋಯಿತು.

ಪುಟ್ಟಚನ್ನಮ್ಮ ಮಗಳ ಮದುವೆಗೆಂದು ಕೂಡಿಟ್ಟಿದ್ದ ಬೆಲ್ಲದಲ್ಲಿ ಸಾಲವನ್ನೂ ಸೆಸ್ಸನ್ನೂ ತೀರಿಸಿ, ಬ್ಯಾಂಕಿನ ಬಟ್ಟಲನ್ನು ತೊಳೆದು ಕೌಂಟರಿನ ಮೇಲಿಟ್ಟಳು.

"ಇದೇನಮ್ಮ ಒಳಗೆ?" ಎಂದ ಗುಮಾಸ್ತ.

"ಒಂದ್ ಚೂರು ಬೆಲ್ಲ ಕಣಪ್ಪ. ಬಟ್ಟಲು ಬರಿದು ಕೊಡಬಾರ್ದು."

ಗುಮಾಸ್ತ ಅದನ್ನು ಲಾಭಾನಂದರಿಗೆ ತೋರಿಸಿದ. ಮರುದಿನದಿಂದ ಅದು ಕಡ್ಡಾಯವಾಯಿತು.