ಹಿಮಾಲಯಕ್ಕೆ ಹೊರಟವರನ್ನು ಬೈಕಿಗೆ ಹತ್ತಿಸಬೇಡಿ

ನಮ್ಮ ಕಡೆ ಮನುಷ್ಯನೊಬ್ಬ ರಸ್ತೆಯಲ್ಲಿ ಸುಮ್ಮನೆ ನಡೆದು ಹೋಗುವುದು ಸಾಧ್ಯವಿಲ್ಲ. ಇದನ್ನು ದೂರಾಗಿ ಹೇಳುತ್ತಿಲ್ಲ, ಹೊರಗಿನವರಿಗೆ ತಿಳಿದಿರಲಿ ಎಂದು ಹೇಳುತ್ತಿದ್ದೇನೆ. ಕಬ್ಬಾಳಿನ ಕಡೆ ಹೋಗುವ ರಸ್ತೆಯಲ್ಲಿ ನೀವು ನಾಲ್ಕು ಹೆಜ್ಜೆ ಹಾಕುವಷ್ಟರಲ್ಲಿ ಹಿಂದೆ ಒಂದು ಬೈಕು ನಿಧಾನವಾಗುತ್ತದೆ. "ಬನ್ನಿ, ಕೂತ್ಕಳಿ" ಎನ್ನುತ್ತಾರೆ. ಬೇಡ ಎಂದರೆ ಅದನ್ನು ಯಾರೂ ಉತ್ತರವೆಂದು ತಿಳಿಯುವುದಿಲ್ಲ, ಸಂಕೋಚವೆಂದು ತಿಳಿಯುತ್ತಾರೆ. ಇನ್ನೊಮ್ಮೆ ಬೇಡ ಎಂದರೆ ಬಿಗುಮಾನ. ಮೂರನೆಯ ಸಲವೂ ಬೇಡ ಎಂದಿರೋ, ನಿಮಗೂ ಅವರ ಮನೆಯವರಿಗೂ ಏನೋ ಆಗಿದೆ ಎಂದು ಅರ್ಥ. ಸಂಜೆಯೊಳಗೆ ರಾಜಿ ಮಾಡಿಸಲು ಇಬ್ಬರು ಹಿರಿಯರು ಬರುತ್ತಾರೆ. ಆದ್ದರಿಂದ ತಿಳಿದವರು ಮೊದಲನೆಯ ಕರೆಗೇ ಹತ್ತಿ ಕೂರುತ್ತಾರೆ. ಈ ಕಡೆಗೆ ವರ್ಗವಾಗಿ ಬಂದಾಗಿನಿಂದ ನಾನೂ ಹಾಗೆಯೇ ಮಾಡಿಕೊಂಡು ಬಂದಿದ್ದೆ. ಅದರಿಂದ ನನಗೆ ಯಾವ ತೊಂದರೆಯೂ ಆಗಿರಲಿಲ್ಲ, ಹಿಮಾಲಯ ಹತ್ತಬೇಕೆಂದು ತೀರ್ಮಾನಿಸುವವರೆಗೆ.

ನಾನು ಪಶುವೈದ್ಯ. ಊರವರ ಬಾಯಲ್ಲಿ ದನದ ಡಾಕ್ಟ್ರು. ನನ್ನ ಉದ್ಯೋಗದಲ್ಲಿ ಕಣ್ಣೆತ್ತಿ ನೋಡುವ ಕೆಲಸ ಕಡಿಮೆ. ಆಸ್ಪತ್ರೆಯ ಗೋಡೆಯ ಮೇಲೆ ಪಶು ಆಹಾರದ ಕಂಪನಿಯೊಂದು ಕೊಟ್ಟ ಕ್ಯಾಲೆಂಡರ್ ಇದೆ. ಅದರಲ್ಲಿ ಹಿಮದ ಬೆಟ್ಟ, ಬೆಟ್ಟದ ಮುಂದೆ ಒಂದು ಸೀಮೆ ಹಸು. ಆ ಎತ್ತರದಲ್ಲಿ ಆ ಜಾತಿಯ ಹಸು ಒಂದು ವಾರವೂ ಬದುಕುವುದಿಲ್ಲ ಎಂದು ನನಗೆ ಗೊತ್ತು. ಆದರೂ ಔಷಧಿ ಚೀಟಿ ಬರೆಯುವಾಗಲೆಲ್ಲ ಹಸುವನ್ನು ಬಿಟ್ಟು ಬೆಟ್ಟವನ್ನು ನೋಡುವುದು ಅಭ್ಯಾಸವಾಯಿತು. ಜೀವಮಾನವೆಲ್ಲ ಹಸುವಿನ ಹಿಂಭಾಗದಲ್ಲಿ ನಿಂತು ಕಳೆದವನಿಗೆ ಒಂದು ಸಲ ಎತ್ತರದಲ್ಲಿ ನಿಂತು, ಎದುರಿಗೆ ಏನೂ ಇಲ್ಲದ ಕಡೆ ನೋಡಬೇಕು ಅನ್ನಿಸಿದರೆ ತಪ್ಪಲ್ಲ. ತಪ್ಪಾದದ್ದು ಅದನ್ನು ಬಾಯಿಬಿಟ್ಟು ಹೇಳಿದ್ದು. ಮಾಗಡಿಯಲ್ಲಿ ನನ್ನ ಷಡ್ಡಕರ ಮನೆಯ ಗೃಹಪ್ರವೇಶ. ಊಟದ ಪಂಕ್ತಿಯಲ್ಲಿ ಅವರು, "ರಿಟೈರ್ ಆಗೋ ವಯಸ್ಸು ಬಂತು. ಇನ್ನೇನ್ ಭಾವ, ವಾಕಿಂಗು, ಮಾತ್ರೆ" ಎಂದರು. ಎಲೆಯ ಮೇಲೆ ಎರಡನೆಯ ಹೋಳಿಗೆ ಬಿದ್ದಿತ್ತು. ಹೋಳಿಗೆಯ ಧೈರ್ಯದಲ್ಲಿ, "ನಾನು ಹಿಮಾಲಯ ಹತ್ತಕ್ಕೆ ಹೋಗ್ತಿದ್ದೀನಿ" ಎಂದುಬಿಟ್ಟೆ. ಎದುರು ಪಂಕ್ತಿಯಲ್ಲಿ ಕೂತಿದ್ದ ನನ್ನ ಹೆಂಡತಿ ಸರೋಜ ತಲೆ ಎತ್ತಿ ನೋಡಿದಳು. ಅವಳಿಗೂ ಸುದ್ದಿ ತಿಳಿದದ್ದು ಆಗಲೇ.

ಬೆಟ್ಟ ಹತ್ತುವುದು ನಮ್ಮ ಜಿಲ್ಲೆಗೆ ಹೊಸದೇನಲ್ಲ. ಭಾನುವಾರ ಬಂತೆಂದರೆ ರಾಮನಗರದ ಬಂಡೆಗಳ ಮೇಲೆ ಬೆಂಗಳೂರಿನ ಹುಡುಗ ಹುಡುಗಿಯರು ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ನೇತಾಡುತ್ತಾರೆ. ಕೆಳಗೆ ರೇಷ್ಮೆಗೂಡು ಮಾರಲು ಬಂದವರು ತಲೆ ಎತ್ತಿ ನೋಡಿ, "ಏನ್ಲಾ ಕಳ್ಕಂಡವ್ರೆ ಅಲ್ಲಿ?" ಎಂದು ಒಬ್ಬರನ್ನೊಬ್ಬರು ಕೇಳುತ್ತಾರೆ. ನಮ್ಮ ಆಸ್ಪತ್ರೆಯ ಕಿಟಕಿಯಿಂದ ಕಬ್ಬಾಳದುರ್ಗ ನಿಚ್ಚಳವಾಗಿ ಕಾಣುತ್ತದೆ. ನಾನು ಒಂದು ದಿನವೂ ಹತ್ತಿದವನಲ್ಲ. ಅದರ ಮೇಲೆ ಯಾರೂ ಹಸು ಕಟ್ಟಿರಲಿಲ್ಲ.

ಆದರೂ ಆಡಿದ ಮಾತು ಉಳಿಸಿಕೊಳ್ಳಬೇಕಲ್ಲ. ಜನರನ್ನು ಹಿಮಾಲಯಕ್ಕೆ ಕರೆದೊಯ್ಯುವ ಬೆಂಗಳೂರಿನ ತಂಡವೊಂದಕ್ಕೆ ಫೋನ್ ಮಾಡಿದೆ. ಅನಘ ಎಂಬ ಹುಡುಗಿ ಬಹಳ ಮರ್ಯಾದೆಯಿಂದ ಮಾತಾಡಿದಳು. ನನ್ನ ವಯಸ್ಸು ಕೇಳಿಕೊಂಡು, "ನೆಕ್ಸ್ಟ್ ಇಯರ್ ಆದ್ರೆ ನಮ್ಮ ಏಜ್ ಲಿಮಿಟ್ ದಾಟುತ್ತೆ ಸರ್. ಈ ವರ್ಷಾನೇ ಲಾಸ್ಟ್" ಎಂದಳು. ಅದಕ್ಕೂ ಒಂದು ಷರತ್ತು. ಬೆನ್ನ ಮೇಲೆ ಭಾರದ ಚೀಲ ಹೊತ್ತು ಐದು ಕಿಲೋಮೀಟರನ್ನು ಒಂದು ಗಂಟೆಯೊಳಗೆ ನಡೆಯಬೇಕು, ನಡೆದದ್ದನ್ನು ಫೋನಿನ ಆ್ಯಪ್‌ನಲ್ಲಿ ಅಳೆದು ಅವಳಿಗೆ ಕಳಿಸಬೇಕು. ತಿಂಗಳೊಳಗೆ ಕಳಿಸದಿದ್ದರೆ ನನ್ನ ಜಾಗ ಬೇರೆಯವರಿಗೆ. ಅಂದರೆ ಈ ಸಲ ತಪ್ಪಿದರೆ ಈ ಜನ್ಮಕ್ಕೆ ಕ್ಯಾಲೆಂಡರೇ ಗತಿ.

ರಾಮನಗರಕ್ಕೆ ಹೋಗಿ ಶೂ ಕೊಂಡೆ, ಚೀಲ ಕೊಂಡೆ. ಭಾರಕ್ಕೆ ಏನು ಹಾಕುವುದು? ಮಿಕ್ಸಿ ಬಂದ ಮೇಲೆ ಒರಳುಕಲ್ಲಿನ ಗುಂಡು ಹಿತ್ತಲಿನಲ್ಲಿ ಬಿದ್ದುಕೊಂಡಿತ್ತು. ಅದನ್ನು ತೊಳೆದು, ಹಳೆಯ ಟವೆಲಿನಲ್ಲಿ ಸುತ್ತಿ ಚೀಲಕ್ಕಿಟ್ಟೆ. "ನಮ್ಮತ್ತೆ ಕಾಲದ್ದು ಕಣ್ರೀ ಅದು. ಅದಕ್ಕೂ ಹಿಮಾಲಯ ತೋರಿಸ್ಕೊಂಡು ಬರ್ತೀರಾ?" ಎಂದಳು ಸರೋಜ. ಅವಳು ನಗುತ್ತಿದ್ದಾಳೋ ಇಲ್ಲವೋ ಎಂಬುದು ಮದುವೆಯಾದ ದಿನದಿಂದ ನನಗೆ ಖಚಿತವಾಗಿ ಗೊತ್ತಾಗಿಲ್ಲ.

ಮೊದಲ ದಿನ ಬೆಳಿಗ್ಗೆ ಊರ ಹೊರಗಿನ ಮೋರಿ ದಾಟುವಷ್ಟರಲ್ಲಿ ಸಿದ್ಲಿಂಗಣ್ಣ ಬೈಕು ನಿಲ್ಲಿಸಿದ. ನಾಲ್ಕು ಸೀಮೆ ಹಸು ಸಾಕಿರುವ ರೈತ, ಹೊಟ್ಟೆಯಲ್ಲಿ ಕಲ್ಮಶವಿಲ್ಲದ ಮನುಷ್ಯ. "ಒಳ್ಳೆ ಟೈಮಿಗೆ ಸಿಕ್ಬುಟ್ರಿ ಡಾಕ್ಟ್ರೇ. ಬ್ಯಾಗೂ ತಂದಿದ್ದೀರಿ. ಹಸ ಮೇವು ಮುಟ್ತಾ ಇಲ್ಲ, ಒಸಿ ನೋಡ್ಬುಟ್ಟು ಹೋಗಿ" ಎಂದ. ನಾನು ನಡಿಗೆಯ ಅಭ್ಯಾಸ ಮಾಡುತ್ತಿದ್ದೇನೆ ಎಂದೆ. "ನಡೀರಿ ನಡೀರಿ, ಯಾರ್ ಬ್ಯಾಡಾಂದ್ರು? ಹಸ ನೋಡ್ಬುಟ್ಟು ನಡೀರಿ" ಎಂದ. ಮೇವು ಬಿಟ್ಟ ಹಸುವನ್ನು ದಾಟಿ ಹೋಗಲು ನನಗೂ ಮನಸ್ಸಾಗಲಿಲ್ಲ. ಹತ್ತಿ ಕೂತೆ.

ಅವನ ಕೊಟ್ಟಿಗೆಯಲ್ಲಿ ನಾನು ಹಸುವಿನ ಹೊಟ್ಟೆಗೆ ಕಿವಿಗೊಟ್ಟು ನಿಂತಿದ್ದಾಗ, ಸಹಾಯವಾಗಲಿ ಎಂದು ಅವನೇ ನನ್ನ ಚೀಲ ಬಿಚ್ಚಿದ. ಟವೆಲು ಸರಿಸಿ ಗುಂಡು ನೋಡಿದ. ಬಹಳ ಹೊತ್ತು ನೋಡಿದ. ಈ ಕಡೆಯ ಪದ್ಧತಿ ಗೊತ್ತಿಲ್ಲದವರಿಗೆ ಒಂದು ಮಾತು ಹೇಳಬೇಕು: ಹೋರಿಗಳ ಬೀಜ ಒಡೆಯಲು ಈಗ ಆಸ್ಪತ್ರೆಯಲ್ಲಿ ಇಕ್ಕಳವಿದೆ, ಹಿಂದಿನವರು ಕಲ್ಲಿನಲ್ಲೇ ಒಡೆಯುತ್ತಿದ್ದರು. ಸಿದ್ಲಿಂಗಣ್ಣ ಎದ್ದು, ಮೂಲೆಯಲ್ಲಿ ಕಟ್ಟಿದ್ದ ಹೋರಿಕರುವನ್ನು ಬಿಚ್ಚಿ ಹಿತ್ತಲ ಕಡೆ ಹೊಡೆದುಕೊಂಡು ಹೋದ. ನಾನು ಹೊರಡುವವರೆಗೂ ಕರು ವಾಪಸು ಬರಲಿಲ್ಲ.

ಮರುದಿನ ಇನ್ನೊಬ್ಬನ ಎಮ್ಮೆ. ಅದರ ಮರುದಿನ ಒಂದು ಮೇಕೆ. ಕೆಲವು ದಿನ ಯಾವ ಪ್ರಾಣಿಗೂ ಏನೂ ಆಗಿರುತ್ತಿರಲಿಲ್ಲ, ಬರೀ ಪ್ರೀತಿಗೆ ಕೂರಿಸಿಕೊಂಡು ಹೋಗುತ್ತಿದ್ದರು. ಪ್ರತಿ ಸಲವೂ ನಾನು ಹಿಂದಿನ ಸೀಟಿನಲ್ಲಿ ಕೂತು, ಈ ಜನ ನನ್ನನ್ನು ಉದ್ಧಾರವಾಗಲು ಬಿಡುವುದಿಲ್ಲ ಎಂದು ಮನಸ್ಸಿನಲ್ಲೇ ಬೈದುಕೊಳ್ಳುತ್ತಿದ್ದೆ. ಗಾಳಿ ತಂಪಾಗಿರುತ್ತಿತ್ತು. ಜೇಬಿನಲ್ಲಿದ್ದ ಫೋನಿನ ಆ್ಯಪ್ ಮಾತ್ರ ಅಳೆದದ್ದನ್ನೆಲ್ಲ ಬೆಂಗಳೂರಿಗೆ ಕಳಿಸುತ್ತಾ ತನ್ನ ಕರ್ತವ್ಯ ಮಾಡುತ್ತಿತ್ತು. ಒಂದು ದಿನ ಅನಘ ಫೋನ್ ಮಾಡಿದಳು. "ಸರ್, ನಿಮ್ಮ ಪ್ರಾಕ್ಟೀಸ್ ನೋಡ್ತಾ ಇದ್ದೆ. ಗಂಟೆಗೆ ಮೂವತ್ತು ಕಿಲೋಮೀಟರ್ ತೋರಿಸ್ತಿದೆ. ನೀವು ನಡೀತಾನೇ ಇದ್ದೀರಾ?"

"ಪ್ರಯತ್ನ ಮಾಡ್ತಾ ಇದ್ದೀನಮ್ಮ" ಎಂದೆ.

ಕತ್ತಲಿರುವಾಗಲೇ ಎದ್ದು, ಮುಖಕ್ಕೆ ಮಫ್ಲರ್ ಸುತ್ತಿಕೊಂಡು ಹೊರಟೂ ನೋಡಿದೆ. ಮನುಷ್ಯರು ಗುರುತು ಹಿಡಿಯಲಿಲ್ಲ, ನಾಯಿಗಳು ಹಿಡಿದವು. ಊರಿನ ನಾಯಿಗಳಿಗೆಲ್ಲ ಹುಚ್ಚಿನ ಲಸಿಕೆ ಚುಚ್ಚಿದವನು ನಾನೇ. ನಾಯಿಗೆ ಕೃತಜ್ಞತೆ ಹೆಚ್ಚು ಎನ್ನುತ್ತಾರೆ. ಹಾಗೆನ್ನುವವರು ಅದಕ್ಕೆ ಸೂಜಿ ಚುಚ್ಚಿದವರಲ್ಲ. ಅವತ್ತು ನಾನು ಓಡಿದೆನಾದರೂ ಮನೆಯ ದಿಕ್ಕಿಗೆ ಓಡಿದ್ದರಿಂದ ಅದು ಲೆಕ್ಕಕ್ಕೆ ಬರಲಿಲ್ಲ.

ಇಷ್ಟರಲ್ಲಿ ಸರೋಜಳ ಫೋನು ಬಡಿದುಕೊಳ್ಳತೊಡಗಿತು. ಚನ್ನಪಟ್ಟಣದಲ್ಲಿರುವ ಅವಳ ಚಿಕ್ಕಮ್ಮ, "ಏನವ್ವಾ, ನಿಮ್ಮೆಜಮಾನ್ರು ದಿನಾ ಬೆಳಿಗ್ಗೆ ಗಂಟು ಎತ್ಕಂಡು ಮನೆ ಬುಟ್ಟು ಹೊಂಟೋಯ್ತಾರಂತೆ, ದಿನಾ ಯಾರೋ ಪುಣ್ಯಾತ್ಮರು ಬೈಕಲ್ಲಿ ತಂದು ಬುಡ್ತಾರಂತೆ. ಏನ್ ಜಗಳ ಆಡ್ದೆ?" ಎಂದು ಕೇಳಿದರಂತೆ. ಸರೋಜ ಫೋನ್ ಇಟ್ಟು ನನ್ನ ಮುಂದೆ ಬಂದು ನಿಂತಳು. ಈ ಸಲ ಅವಳು ನಗುತ್ತಿಲ್ಲವೆಂದು ಖಚಿತವಾಗಿ ಗೊತ್ತಾಯಿತು.

"ರೀ, ನಿಜ ಹೇಳಿ. ನಿಮಗೆ ಹೋಗ್ಬೇಕೂಂತ ಇದೆಯೋ ಇಲ್ವೋ?"

"ಇದೆ. ಈ ಜನ ನಡೆಯೋಕೆ ಬಿಡಬೇಕಲ್ಲ."

"ಬಿಡಿಸ್ತೀನಿ" ಎಂದಳು.

ಮರುದಿನ ಬೆಳಿಗ್ಗೆ ಹಾಲು ಹಾಕುವ ಹೊತ್ತಿಗೆ ಡೇರಿಗೆ ಹೋದಳು. ಊರಿನ ಪ್ರತಿ ಮನೆಯ ಒಬ್ಬರು ಕ್ಯಾನು ಹಿಡಿದು ಸಾಲಿನಲ್ಲಿ ನಿಲ್ಲುವ ಜಾಗ ಅದು. ಅಲ್ಲಿ ಹೇಳಿದ ಮಾತು ಹಾಲಿಗಿಂತ ಮುಂಚೆ ಊರು ದಾಟುತ್ತದೆ. ಅವಳು ಹೇಳಿದ್ದು ಇಷ್ಟೇ: "ನಮ್ಮೆಜಮಾನ್ರು ಹಿಮಾಲಯಕ್ಕೆ ಹೋಗ್ಬೇಕು, ಅದಕ್ಕೆ ಭಾರ ಹೊತ್ಕೊಂಡು ನಡೀತಾ ಇದ್ದಾರೆ. ದಯವಿಟ್ಟು ಯಾರೂ ಬೈಕಿಗೆ ಹತ್ತಿಸ್ಬೇಡಿ." ಕಬ್ಬಾಳಮ್ಮನಿಗೆ ಹರಕೆ ಹೊತ್ತು ನಡೆಯುವವರನ್ನು ದಿನವೂ ನೋಡುವ ಜನಕ್ಕೆ ಬೇರೆ ವಿವರಣೆ ಬೇಕಾಗಲಿಲ್ಲ. ಸಂಜೆಯ ಹಾಲಿನ ಹೊತ್ತಿಗೆ, ಡಾಕ್ಟ್ರು ಶಿವನಿಗೆ ಹರಕೆ ಹೊತ್ತಿದ್ದಾರೆ, ಚೀಲದಲ್ಲಿರುವುದು ಹರಕೆಯ ಕಲ್ಲು ಎಂದಾಗಿತ್ತು. ಸಿದ್ಲಿಂಗಣ್ಣ ಆ ಕಲ್ಲನ್ನು ಕಣ್ಣಾರೆ ಕಂಡವನು. ತಿಳಿಯದೆ ಅದನ್ನು ಮುಟ್ಟಿದ್ದಕ್ಕೆ ತಪ್ಪಾಯಿತೆಂದು ಮನೆಗೆ ಒಂದು ತೆಂಗಿನಕಾಯಿ ತಂದುಕೊಟ್ಟು ಹೋದ.

ತಿಂಗಳ ಕೊನೆಯ ಭಾನುವಾರ ಪರೀಕ್ಷೆಗೆ ಹೊರಟೆ. ಬೈಕುಗಳು ಬಂದವು, ನನ್ನ ಪಕ್ಕದಲ್ಲಿ ನಿಧಾನವಾದವು, ಓಡಿಸುವವರ ಒಂದು ಕೈ ನಮಸ್ಕಾರಕ್ಕೆಂದು ಎದೆಗೆ ಹೋಯಿತು, ಬೈಕು ಮುಂದೆ ಹೋದವು. ಯಾರೂ ನಿಲ್ಲಲಿಲ್ಲ. ನನಗೆ ಹೆಮ್ಮೆಯೇ ಆಯಿತು. ಹೆಮ್ಮೆ ಎರಡು ಕಿಲೋಮೀಟರ್ ಬಂತು. ಅಲ್ಲಿಂದ ರಸ್ತೆ ಏರು. ಹೊಸ ಶೂ ಹಿಮ್ಮಡಿ ಕಚ್ಚುತ್ತಿತ್ತು, ನಮ್ಮಮ್ಮನ ಕಾಲದ ಗುಂಡು ಬೆನ್ನುಮೂಳೆಯ ಮೇಲೆ ಕೂತು ಹೆಜ್ಜೆಗೊಂದು ಸಲ ರುಬ್ಬುತ್ತಿತ್ತು. ಬಾಯಿ ಒಣಗಿತು. ಇನ್ನು ಆಗುವುದಿಲ್ಲ ಅನ್ನಿಸಿತು. ಬರುತ್ತಿದ್ದ ಬೈಕಿಗೆ ಕೈ ಎತ್ತಿದೆ. ಅವನೂ ಕೈ ಎತ್ತಿ ಹೋದ. ಟ್ರ್ಯಾಕ್ಟರ್ ಬಂತು, ಎರಡೂ ಕೈ ಬೀಸಿದೆ. ಹಿಂದಿನ ಟ್ರೈಲರಿನಲ್ಲಿ ಕೂಲಿಗೆ ಹೊರಟಿದ್ದ ಹೆಂಗಸರೆಲ್ಲ ಕೈ ಬೀಸಿದರು, ಒಬ್ಬಾಕೆ ಭಕ್ತಿಯಿಂದ ಕಣ್ಣು ಮುಚ್ಚಿಕೊಂಡಳು. ಕೊನೆಗೆ ಬಸ್ಸಿಗೆ ಅಡ್ಡ ನಿಂತೆ. ಕಂಡಕ್ಟರ್ ಬಾಗಿಲಿನಿಂದ ಬಗ್ಗಿ ನೋಡಿ, "ಹರಕೆ ಡಾಕ್ಟ್ರು ಕಣಣ್ಣಾ, ಸೈಡಲ್ಲೋಗು, ರೈಟ್ ರೈಟ್" ಎಂದ.

ಆಗ ಸಿದ್ಲಿಂಗಣ್ಣ ಬಂದ. ಅಷ್ಟು ಸಂತೋಷದಿಂದ ನಾನು ಇದುವರೆಗೆ ಯಾರನ್ನೂ ನೋಡಿಲ್ಲ.

"ಸಿದ್ಲಿಂಗಣ್ಣಾ, ನಿಲ್ಸಪ್ಪ. ಸ್ವಲ್ಪ ದೂರ ಕೂತ್ಕೋತೀನಿ."

"ಎಲ್ಲಾರಾ ಉಂಟಾ ಡಾಕ್ಟ್ರೇ? ನಿಮ್ಮುನ್ನ ಕೂರಿಸ್ಕಂಡು ನಾನ್ ಪಾಪಕ್ಕೋಗ್ಲಾ? ಅಮ್ಮಾವ್ರು ಡೇರಿ ಮುಂದೆ ನಿಂತು ಹೇಳವ್ರೆ."

"ನಿನ್ನ ಹಸು ಹೇಗಿದೆ? ಬಾ, ಒಂದ್ಸಲ ನೋಡ್ಕೊಂಡು ಬರೋಣ."

"ಹಸ ಚೆಂದಾಗೈತೆ. ನೀವ್ ನಡೀರಿ."

"ಹೋರಿಕರು?"

"ಅದೂ ಚೆಂದಾಗೈತೆ" ಎಂದ, ಸ್ವಲ್ಪ ಅವಸರದಿಂದ.

ಚೀಲವನ್ನಾದರೂ ಇಟ್ಟುಕೋ ಎಂದೆ. ಒಮ್ಮೆ ಮುಟ್ಟಿದ್ದೇ ಸಾಕು ಎಂದ. ಆದರೆ ಬಿಟ್ಟು ಹೋಗಲಿಲ್ಲ. ಫಸ್ಟ್ ಗೇರಿನಲ್ಲಿ ನನ್ನ ಪಕ್ಕದಲ್ಲೇ ಬೈಕು ಓಡಿಸುತ್ತಾ, "ಇನ್ನೇನ್ ಬಂತು, ಆ ಹುಣಸೇಮರ ಕಾಣ್ತೈತಲ್ಲಾ, ಅಲ್ಲಿಗಂಟ" ಎಂದು ಒಂದೊಂದೇ ಮರ ತೋರಿಸುತ್ತಾ ನನ್ನನ್ನು ಹೊಡೆದುಕೊಂಡು ಹೋದ. ಆ ಏರಿನಲ್ಲಿ ನನಗೊಂದು ವಿಷಯ ಅರ್ಥವಾಯಿತು. ಇಷ್ಟು ದಿನ ಬೈಕು ನಿಲ್ಲಿಸಿದವರನ್ನೆಲ್ಲ ಬೈದುಕೊಂಡೆನಲ್ಲ, ಪ್ರತಿ ದಿನ ಬೆಳಿಗ್ಗೆ ಹಿಂದೆ ಬೈಕಿನ ಸದ್ದು ಕೇಳಿದಾಗ ನನ್ನ ಜೀವಕ್ಕೆ ಹಾಯೆನಿಸುತ್ತಿತ್ತು. ನನಗೆ ಹಿಮಾಲಯವೆಂದರೆ ಭಯ. ಚಳಿ ಭಯ, ಎತ್ತರ ಭಯ, ಗುರುತಿಲ್ಲದ ಜನರ ನಡುವೆ ಏದುಸಿರು ಬಿಡುವುದು ಎಲ್ಲಕ್ಕಿಂತ ಭಯ. ಊರವರು ಬಿಡಲಿಲ್ಲ, ಇಲ್ಲದಿದ್ದರೆ ಹೋಗಿಯೇ ಬರುತ್ತಿದ್ದೆ ಎಂದು ಷಡ್ಡಕರ ಮುಂದೆ ಹೇಳಿಕೊಂಡು ನೆಮ್ಮದಿಯಾಗಿ ಇರಬಹುದಿತ್ತು. ಆ ಅನುಕೂಲವನ್ನು ನನ್ನ ಹೆಂಡತಿ ಹಾಲಿನ ಡೇರಿಯಲ್ಲಿ ಒಂದೇ ಮಾತಿಗೆ ತೆಗೆದುಹಾಕಿದ್ದಳು.

ಕೊನೆಯ ಮರದ ಹತ್ತಿರ ಐದು ಕಿಲೋಮೀಟರ್ ಮುಗಿಯಿತೆಂದು ಫೋನು ಕಿಣಿಗುಟ್ಟಿತು. ಗಂಟೆಯಾಗಲು ಇನ್ನೂ ಸ್ವಲ್ಪ ಬಾಕಿಯಿತ್ತು. ನಾನು ರಸ್ತೆ ಬದಿಯ ಕಲ್ಲಿನ ಮೇಲೆ ಕೂತೆ. ಸಿದ್ಲಿಂಗಣ್ಣ ಬೈಕಿನಿಂದಿಳಿದು ಟವೆಲಿನಲ್ಲಿ ಕಣ್ಣೊರೆಸಿಕೊಂಡ.

ಸಂಜೆ ಅನಘ ಫೋನ್ ಮಾಡಿ, "ಕಂಗ್ರಾಟ್ಸ್ ಸರ್, ನೀವು ಸೆಲೆಕ್ಟ್ ಆಗಿದ್ದೀರಿ" ಎಂದಳು. ಸರೋಜ ಕೇಸರಿಭಾತು ಮಾಡಿ ಅಕ್ಕಪಕ್ಕದವರಿಗೆಲ್ಲ ಹಂಚಿದಳು. ಮಾಗಡಿಗೆ ಫೋನ್ ಮಾಡಿ ಷಡ್ಡಕರಿಗೆ ಎರಡು ಸಲ ಹೇಳಿದಳು, ಮೊದಲ ಸಲ ಅವರಿಗೆ ಸರಿಯಾಗಿ ಕೇಳಿಸಿತ್ತಾದರೂ. ರಾತ್ರಿ ತಟ್ಟೆಯ ಮುಂದೆ ಕೂತೆ. ಮುದ್ದೆ ಮುರಿದೆ, ಸಾರಿನಲ್ಲಿ ಅದ್ದಿದೆ, ಬಾಯಿಗಿಡಲು ಆಗಲಿಲ್ಲ.

"ಯಾಕ್ರೀ, ಊಟ ಸೇರ್ತಿಲ್ವಾ?" ಎಂದಳು ಸರೋಜ.

"ಸಂತೋಷಕ್ಕೆ" ಎಂದೆ.