ಒಳ್ಳೇವನಾಗಿ ಹೆಣ್ಣು ನೋಡೋಕೆ ಹೋಗಿದ್ದು

ಕೆಟ್ಟೋರು ಆರಾಮಾಗಿ ಇರ್ತಾರ್ರೀ. ಒಳ್ಳೇವನಾಗ್ತೀನಿ ಅಂತ ಹೊರಟೋನಿಗೇ ದಿನಾ ಒಂದು ಫಜೀತಿ. ಐವತ್ತರ ದಶಕ ಮುಗಿಯೋ ಕಾಲ. ಶಿಕಾರಿಪುರದಲ್ಲಿ ಒಬ್ಬರು ಸ್ವಾಮಿಗಳ ಪ್ರವಚನ ಕೇಳಿ ನಾನು ನೇಮ ಹಿಡಿದಿದ್ದೆ: ಸುಳ್ಳು ಹೇಳಬಾರದು, ಅನ್ನ ಚೆಲ್ಲಬಾರದು, ಹೆಂಗಸರ ಮುಖ ಎತ್ತಿ ನೋಡಬಾರದು. ಅದೇ ವಾರ ಆನವಟ್ಟೀಲಿ ಹೆಣ್ಣು ನೋಡೋಕೆ ಕರೆ ಬಂತು. ಅದಕ್ಕೆ ಮೊದಲು ಎರಡು ಸಂಬಂಧ ಮುರಿದಿದ್ವು. ಅವ್ವ ಬಾಗಿಲಲ್ಲಿ ನಿಂತು, "ಇದೂ ತಪ್ಪಿದ್ರೆ ನೀನು ಮನೀಗೆ ಬರಬ್ಯಾಡ" ಅಂದ್ಲು.

ಬಸ್ಸು

ಆಗಿನ ಬಸ್ಸಿಗೆ ಉದ್ದ ಮೂಗು. ಹ್ಯಾಂಡಲ್ ತಿರುವಿದ್ರೆ ಒಂದು ಸಲ ಕೆಮ್ಮಿ ಮಲಗೋದು. ಏರು ಬಂದ್ರೆ ಕಂಡಕ್ಟರು ಇಳಿದು, ಎಲೆ ಅಡಿಕೆ ಹಾಕ್ಕೊಂಡು, ನಡ್ಕೊಂಡೇ ಹೋಗಿ ಮುಂದೆ ಕಾಯ್ತಿದ್ದ. ನಾನೇ ನೋಡಿದೀನಿ!

ಶಿರಾಳಕೊಪ್ಪದಲ್ಲಿ ರುಮಾಲು ಸುತ್ತಿದ ಯಜಮಾನರೊಬ್ಬರು ಹತ್ತಿ ಪಕ್ಕದಲ್ಲಿ ಕೂತ್ರು.

"ದೂರ ಹೊರಟ್ರಾ?"

"ಆನವಟ್ಟಿಗೆ. ಹೆಣ್ಣು ನೋಡೋಕೆ."

"ಸಂತೋಷ. ಹುಡುಗ ಹೇಗೆ?"

"ಹುಡುಗ ನಾನೇ. ಮುಂಗೋಪ ಐತ್ರೀ. ಗೊರಕೆನೂ ಹೊಡೀತೀನಿ."

ಅವರು ರುಮಾಲು ಸರಿಮಾಡ್ಕೊಂಡು ಆಚೆ ಕಡೆ ತಿರುಗಿ ಕೂತ್ರು. ಆನವಟ್ಟೀಲಿ ಇಳಿದು ಮನೆ ಹುಡುಕ್ಕೊಂಡು ಹೋದ್ರೆ, ಬಾಗಿಲಲ್ಲಿ ಅದೇ ರುಮಾಲು. ಹುಡುಗಿ ಅಪ್ಪ!

ಜೊತೆಗೆ ಬಂದು, ಬಸ್ಸಲ್ಲಿ ಹಿಂದಿನ ಸೀಟಲ್ಲಿ ಕೂತು ಎಲ್ಲಾ ಕೇಳಿಸ್ಕೊಂಡಿದ್ದ ನನ್ನ ಸೋದರಮಾವ ಕಿವಿ ಹತ್ರ ಹಲ್ಲು ಕಡಿದ: "ನಾನು ಮನೆ ಮುಟ್ಟಿದ ಮ್ಯಾಲೆ ಸುಳ್ಳು ಶುರು ಮಾಡೋಣ ಅಂತಿದ್ದೆ. ನೀನು ಅರ್ಧ ದಾರೀಲೇ ನಿಜ ಮುಗಿಸಿದ್ಯಲ್ಲೋ!"

ಉಪ್ಪಿಟ್ಟು

ಹುಡುಗಿ ಅಜ್ಜಿ ಉಪ್ಪಿಟ್ಟು ತಂದ್ರು. ಆ ಕಾಲದ ಉಪ್ಪಿಟ್ಟು, ಮೇಲೆ ಬೆಣ್ಣೆ ಕಾಸಿದ ತುಪ್ಪ. ಆ ಘಮಕ್ಕೆ ಪಕ್ಕದೂರು ಕುಬಟೂರಿನ ದನ ಕೂಡ ಈ ಕಡೆ ತಿರುಗಿದ್ವು ಅಂತೀನಿ. ಅವರ ಮನೆ ಪದ್ಧತಿ, ಬಂದೋರ ಎಲೆ ಬರಿದಾಗಬಾರದು. ನನ್ನ ನೇಮ, ಎಲೇಲಿ ಒಂದಗಳೂ ಉಳೀಬಾರದು. ಅವರು ಹಾಕಿದ್ರು, ನಾನು ಬಳಿದೆ. ಮತ್ತೆ ಹಾಕಿದ್ರು, ಮತ್ತೆ ಬಳಿದೆ. ಸಾಕು ಅನ್ನೋಣ ಅಂದ್ರೆ ಸಾಕಾಗಿರಲಿಲ್ಲ, ಸುಳ್ಳಾಗುತ್ತಲ್ಲ!

ಕಡೆಗೆ ಅಜ್ಜಿ ಸೌಟು ಹಿಡಿದು ನಿಂತು ಅಂದ್ರು: "ಅಲ್ಲ ಮಾರಾಯ, ನೀ ಹೆಣ್ಣು ನೋಡೋಕೆ ಬಂದಿದ್ದಾ, ಬೋಗಣಿ ತಳ ನೋಡೋಕಾ?"

ಹೆಣ್ಣು

ಹುಡುಗಿ ಬಂದು ಚಾಪೆ ಮೇಲೆ ನಿಂತ್ಲು. ಮದುವೆ ಆಗೋವರೆಗೂ ಪರಸ್ತ್ರೀನೇ ಅಲ್ವಾ? ನಾನು ತಲೆ ಎತ್ತಲೇ ಇಲ್ಲ. ಅರಿಶಿಣ ಹಚ್ಚಿದ ಪಾದ ಎರಡು ಕಂಡ್ವು. ಆಮೇಲೆ ಅವೂ ಒಳಗೆ ಹೋದ್ವು.

"ಹುಡುಗಿ ಹೆಂಗೆ ಅನ್ನಿಸ್ತು?" ಅವಳ ಅಪ್ಪ ಕೇಳಿದ್ರು.

ನೋಡಿದ್ದನ್ನ ಮಾತ್ರ ಹೇಳಬೇಕಲ್ಲ. "ಪಾದ ಚೆನ್ನಾಗದಾವೆ" ಅಂದೆ.

"ಮುಖ?"

"ಗೊತ್ತಿಲ್ಲ."

ನನ್ನ ಮಾವ ಹಣೆ ಚಚ್ಕೊಂಡ. "ತಪ್ಪು ತಿಳೀಬ್ಯಾಡ್ರೀ, ಇವನು ದೇವರನ್ನೂ ಪಾದದಿಂದ ಮ್ಯಾಲಕ್ಕೆ ನೋಡೋದಿಲ್ಲ!"

ಬರ್ತೀನಿ

ಹೊರಡೋ ಹೊತ್ತಾಯ್ತು. ಎದ್ದು ಕೈ ಮುಗಿದು, "ಹೋಗ್ತೀನಿ" ಅಂದೆ.

ಅಜ್ಜಿ ಎದೆ ಮೇಲೆ ಕೈ ಇಟ್ಕೊಂಡ್ರು. "ಅಪಶಕುನ! ಬರ್ತೀನಿ ಅನ್ನಬೇಕಪ್ಪಾ."

"ನೀವು ಹೆಣ್ಣು ಕೊಟ್ರೆ ಬರ್ತೀನಿ, ಇಲ್ಲಾಂದ್ರೆ ಬರಲ್ಲ. ಈಗಲೇ ಹೆಂಗೆ ಹೇಳ್ಲಿ ಅಜ್ಜಿ? ಸುಳ್ಳಾಗುತ್ತೆ."

ಹುಡುಗಿ ಅಪ್ಪನ ಮುಖ ಕೆಂಪಾಯ್ತು. "ಬರ್ತೀನಿ ಅನ್ನೋಕೂ ಬಾಯಿ ಬರದೋನಿಗೆ ನನ್ನ ಮಗಳು ಯಾಕೆ?"

ನನ್ನ ಕಣ್ಣ ಮುಂದೆ ಅವ್ವ ಬಂದ್ಲು. ಏನು ಮಾಡ್ಲಿ? "ಬರ್ತೀನಿ" ಅಂದೆ, ಮೆಟ್ಟಿಲಿಳಿದೆ, ಅಂಗಳ ಮುಟ್ಟಿ ತಿರುಗಿ ಒಳಗೆ ಬಂದೆ.

"ಮತ್ತೇನು?" ಅಂದ್ರು ಅಪ್ಪ.

"ಬರ್ತೀನಿ ಅಂದಿದ್ದೆನಲ್ಲ, ಬಂದೆ."

"ಸರಿ, ಈಗ ಹೊರಡಿ."

"ಬರ್ತೀನಿ" ಅಂದೆ, ಇಳಿದೆ, ಮತ್ತೆ ಬಂದೆ. ಅಜ್ಜಿ ಬಾಯಿಗೆ ಸೆರಗು ಹಿಡಿದ್ರು. ಮತ್ತೆ ಇಳಿಯೋ ಹೊತ್ತಿಗೆ ಬೀದಿ ಕೊನೇಲಿ ಬಸ್ಸು ಹಾರ್ನ್ ಹೊಡೀತು. ಊರಿಗೆ ಅದೇ ಕಡೇ ಬಸ್ಸು.

ಅಡುಗೆಮನೆ ಬಾಗಿಲಿಂದ ಹುಡುಗಿ ದನಿ ಬಂತು: "ಅಪ್ಪಯ್ಯ, ಇವರು ಹೀಂಗೇ ಹೋಗಿ ಬಂದು ಮಾಡ್ತಿದ್ರೆ ಬಸ್ಸು ಹೋಗುತ್ತೆ. ಅದು ಬರ್ತೀನಿ ಅಂತ ಹೇಳಿ ಹೋಗೋದಲ್ಲ!"

ಅಪ್ಪನಿಗೆ ನಗು ತಡೀಲಿಲ್ಲ. ನಕ್ಕೂ ನಕ್ಕೂ ರುಮಾಲೇ ಬಿಚ್ಚಿಹೋಯ್ತು. "ಅಮ್ಮಾ, ಎಲೆ ಅಡಿಕೆ ತಟ್ಟೆ ತಾ. ಇವನಿಗೆ ಹೆಣ್ಣು ಕೊಡದಿದ್ರೆ ಸಾಯೋವರೆಗೂ ನಮ್ಮ ಮೆಟ್ಟಿಲು ಹತ್ತಿ ಇಳೀತಾನೆ!"